ಬಾಡಿಗೆ ಮಾಮನ ತಣ್ಣನೆ ಬೆವರು

ನರ್ಸಿಂಗ್ ಕಾಲೇಜಿನ ಪರೀಕ್ಷೆಗಳಲ್ಲಿ ರೋಗಿಯಂತೆ ನಟಿಸುತ್ತ ಮಲಗುವುದೇ ಮಾಮನ ಕಸುಬು. ತಾವಿದ್ದ ನಾಟಕ ಕಂಪನಿ ಮುಚ್ಚಿದ ಮೇಲೆ ಅವರಿಗೆ ಮಂಚವೇ ರಂಗಮಂಚ. “ನನ್ನ ‘ಬಾಡಿ’ಗೆ ಬಾಡಿಗೆ ಕೊಡ್ತಾರಮ್ಮ, ಇನ್ನೇನು ಬೇಕು?” ಎಂದು ಅವರೇ ಹೇಳಿಕೊಂಡು ತಿರುಗಿದ್ದರಿಂದ ಹುಡುಗಿಯರೆಲ್ಲ ಅವರನ್ನು ಬಾಡಿಗೆ ಮಾಮ ಎಂದೇ ಕರೆಯುತ್ತಿದ್ದರು. ಆಸ್ತಮಾದ ಸುಂಯ್ ಸುಂಯ್, ಹೆರಿಗೆಯ “ಅಯ್ಯಯ್ಯೋ ಅಮ್ಮಾ”, ಹಲ್ಲಿಲ್ಲದ ಅಜ್ಜನ ಗೊಣಗು, ಯಾವುದನ್ನು ಕೇಳಿದರೂ ಗಂಟಲಲ್ಲಿ ಸಿದ್ಧ. ಪರೀಕ್ಷಕಿ ಮೇಡಂ ಕನ್ನಡಕವನ್ನು ಮೂಗಿನ ತುದಿಗಿಳಿಸಿ “ಹ್ಞೂಂ... ಆಮೇಲೆ?” ಎನ್ನುವುದನ್ನು ಅಣಕಿಸುವುದನ್ನೂ ಬಿಟ್ಟಿರಲಿಲ್ಲ. ಒಮ್ಮೆ ಬಾಗಿಲಲ್ಲಿ ನಿಂತು ನೋಡಿದ ಮೇಡಂ, “ಕನ್ನಡಕ ಇನ್ನೂ ಸ್ವಲ್ಪ ಕೆಳಗೆ ಬರ್ಬೇಕು” ಎಂದು ತಿದ್ದಿ ಹೋಗಿದ್ದರು.

ಅಂದಿನ ಪಾತ್ರ ಷಾಕ್‌ನದು. ಕರೆಂಟ್ ಹೊಡೆಯುವ ಷಾಕ್ ಅಲ್ಲ. ಒಳಗೆಲ್ಲೋ ರಕ್ತ ಸೋರಿ ಮೈಗೆ ರಕ್ತವೇ ಸಾಲದೆ ಹೋಗುವ ಷಾಕ್. ಮಂಚದ ಬಳಿ ಬಂದವಳು, ಗೆಳತಿಯರು ಪುಕ್ಕಲಿ ಎನ್ನುವ ಹುಡುಗಿ. ಹಿಂದಿನ ಸಲ ಇದೇ ಕೋಣೆಯಲ್ಲಿ ಕೈಕಾಲು ಆಡದೆ ನಿಂತು ನಪಾಸಾಗಿದ್ದಳು. ಅಂದು ಅವಳು ಅತ್ತಾಗ ಮಾಮನೇ ಮಂಚದಿಂದಿಳಿದು ಕರವಸ್ತ್ರ ಕೊಟ್ಟಿದ್ದರು.

ಈ ಸಲ ಮಾಮ ನರಳಲಿಲ್ಲ. ಸುಮ್ಮನೆ ತಲೆಯನ್ನು ಅತ್ತ ಇತ್ತ ಹೊರಳಿಸುತ್ತ, ತುಟಿ ಸವರಿಕೊಳ್ಳುತ್ತಿದ್ದರು. “ಎಷ್ಟು ಸಹಜವಾಗಿ ಮಾಡ್ತಿದ್ದಾರೆ!” ಎಂದು ಮೇಡಂ ಮೆಚ್ಚಿಕೊಂಡರು.

ಹುಡುಗಿ ನಾಡಿ ಹಿಡಿದಳು. ನಾಡಿ ಓಡುತ್ತಿತ್ತು, ಆದರೆ ದಾರದಷ್ಟು ಸಣ್ಣ. ಕೈ ತಣ್ಣಗೆ, ಒದ್ದೆ. ಉಗುರೊತ್ತಿ ಬಿಟ್ಟಳು. ಬಿಳಿಚಿದ ಉಗುರು ಮತ್ತೆ ಕೆಂಪಾಗಲು ಮೀನಮೇಷ ಎಣಿಸುತ್ತಿತ್ತು.

“ಮಾಮಾ, ಕೈಗೆ ನೀರು ಹಚ್ಕೊಂಡಿದ್ದೀರಾ?”

“ಇಲ್ಲಮ್ಮ... ನೀನು ಪರೀಕ್ಷೆ ಮುಗಿಸು.”

ನರಳಾಟ ನಟಿಸಬಹುದು, ತಲೆಸುತ್ತು ನಟಿಸಬಹುದು. ಉಗುರಿಗೆ ಯಾವ ಕಂಪನಿಯವರು ನಟನೆ ಕಲಿಸುತ್ತಾರೆ?

“ಮೇಡಂ, ಇದು ನಾಟಕ ಅಲ್ಲ.”

“ಅದೆಲ್ಲ ಬೇಡ. ಮುಂದೇನು ಮಾಡ್ತೀಯ, ಅದು ಹೇಳು.”

ಹುಡುಗಿ ಮಾಮನ ಕೈ ಬಿಡಲಿಲ್ಲ. ತನ್ನ ಊಹೆ ತಪ್ಪಾದರೆ ಇನ್ನೊಮ್ಮೆ ನಪಾಸು, ಜೊತೆಗೆ ಕಾಲೇಜಿಗೆಲ್ಲ ನಗೆಪಾಟಲು. ಊಹೆ ಸರಿಯಿದ್ದು ಬಾಯಿ ಮುಚ್ಚಿಕೊಂಡರೆ ಮಾಮ ಉಳಿಯುವುದಿಲ್ಲ.

“ನಪಾಸು ಮಾಡಿ ಮೇಡಂ, ಪರವಾಗಿಲ್ಲ. ಮೊದಲು ಇವರ ಕೈ ಮುಟ್ಟಿ ನೋಡಿ.”

ಮೇಡಂ ಮುಟ್ಟಿದರು. ಕನ್ನಡಕ ಜಾರಿ ನೆಲಕ್ಕೇ ಬಿತ್ತು, ಎತ್ತಿಕೊಳ್ಳಲಿಲ್ಲ. “ಸ್ಟ್ರೆಚರ್!” ಎಂದು ಕೂಗಿದವರೇ ಎಮರ್ಜೆನ್ಸಿಗೆ ಫೋನ್ ಹಚ್ಚಿದರು.

ಹುಡುಗಿ ದಿಂಬು ಎಳೆದು ಮಾಮನನ್ನು ಅಂಗಾತ ಮಲಗಿಸಿದಳು. ಕಾಲೆತ್ತಿಡಲು ಏನೂ ಸಿಗದೆ, ಪಾಠದ ಪ್ಲಾಸ್ಟಿಕ್ ಗೊಂಬೆಯನ್ನೇ ತಂದು ಅದರ ಹೊಟ್ಟೆಯ ಮೇಲೆ ಕಾಲಿರಿಸಿದಳು. ಕೈ ಅಭ್ಯಾಸಬಲದಿಂದ ಡ್ರಿಪ್ ಬಾಟಲಿಯತ್ತ ಹೋಗಿ ಥಟ್ಟನೆ ನಿಂತಿತು: ಅದರಲ್ಲಿದ್ದದ್ದು ನಲ್ಲಿ ನೀರು. ಬಿ.ಪಿ. ಯಂತ್ರ ಮಾತ್ರ ಅಸಲಿ. ಅದು ತೊಂಬತ್ತನ್ನೂ ಮುಟ್ಟಲಿಲ್ಲ.

“ಒಂದು ಗುಟುಕು ನೀರು ಕೊಡಮ್ಮ.”

“ಈಗ ಬಾಯಿಗೆ ಏನೂ ಇಲ್ಲ ಮಾಮಾ.” ಕಂಬಳಿ ಹೊದಿಸಿದಳು. “ಮಲ ಕಪ್ಪಗೆ ಹೋಗ್ತಿತ್ತಾ?”

“ಟಾರಿನ ಹಾಗೆ... ಕಬ್ಬಿಣದ ಟಾನಿಕ್ಕಿಂದ ಅಂದ್ಕೊಂಡೆ.”

“ಮಂಡಿನೋವಿಗೆ ಮಾತ್ರೆ ತಗೋತಿದ್ರಲ್ಲ, ಯಾವಾಗ?”

“ಊಟಕ್ಕೆ ಮುಂಚೆ. ಒಂದೊಂದ್ಸಲ ಊಟದ ಬದಲು.”

ಸ್ಟ್ರೆಚರ್ ಜೊತೆಯಲ್ಲೇ ಓಡಿದ ಹುಡುಗಿ, ಎದುರಿನ ಆಸ್ಪತ್ರೆಯಲ್ಲಿ ಕಾಯುತ್ತಿದ್ದ ಡಾಕ್ಟರಿಗೆ ಇಷ್ಟನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಮೂಗಿಗೆ ಆಮ್ಲಜನಕ ಬಂತು. ಎರಡೂ ತೋಳಿಗೆ ದಪ್ಪ ಸೂಜಿ ಚುಚ್ಚಿ ಅಸಲಿ ಸಲೈನ್ ಬಿಟ್ಟರು. ಹಿಂದೆಯೇ ರಕ್ತದ ಚೀಲ ಬಂತು. ಗಂಟಲಿನಿಂದ ಕ್ಯಾಮೆರಾ ಇಳಿಸಿ ನೋಡಿದರೆ, ಮಾತ್ರೆಗಳು ಹೊಟ್ಟೆಯಲ್ಲಿ ಕೊರೆದ ಹುಣ್ಣೊಂದು ರಕ್ತ ಸುರಿಸುತ್ತಿತ್ತು. ಆ ರಕ್ತವನ್ನು ಅಲ್ಲಿಯೇ ನಿಲ್ಲಿಸಿದರು.

ಈ ನಡುವೆ ಹುಡುಗಿ ಮಾಮನ ಹೆಂಡತಿಗೆ ಫೋನ್ ಮಾಡಿದಳು. “ಅತ್ತೆ, ಮಾಮಂಗೆ ಹುಷಾರಿಲ್ಲ, ಬೇಗ ಬನ್ನಿ.”

“ಹುಷಾರಿಲ್ಲ ಅಂತ ಮಲಗೋದಕ್ಕೇ ಅಲ್ವೇನಮ್ಮ ಅವರಿಗೆ ಸಂಬಳ?”

ಹುಡುಗಿ ನಗಲಿಲ್ಲ. ಸ್ವಲ್ಪ ಹೊತ್ತಿಗೆಲ್ಲ ಅತ್ತೆ ಬಂದರು, ಕೈಯಲ್ಲಿ ಸೌಟು ಹಿಡಿದೇ.

ಮರುದಿನ ವಾರ್ಡಿನಲ್ಲಿ ಮಾಮನ ಕೆನ್ನೆಗೆ ರಂಗು ಮರಳಿತ್ತು. ಮಂಚದ ಪಕ್ಕದ ಒಂದೇ ಸ್ಟೂಲಿನಲ್ಲಿ ಅತ್ತೆ. ನರ್ಸಿಂಗ್ ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿರಲಿಲ್ಲ. ಅದನ್ನು ಕೇಳುವ ನೆನಪೂ ಹುಡುಗಿಗಿರಲಿಲ್ಲ.

“ಮಾಮಾ, ಯಾವಾಗಿಂದ ತಲೆ ಸುತ್ತುತ್ತಿತ್ತು?”

“ಬೆಳಿಗ್ಗೆ ಎದ್ದಾಗಿಂದ.”

“ಮತ್ತೆ ಯಾಕೆ ಬಂದ್ರಿ?”

ಮಾಮ ಸೂರು ನೋಡಿದರು. “ನಿನ್ನ ಸರದಿ ಇತ್ತಲ್ಲ. ನಾನು ಬರ್ದಿದ್ರೆ ಯಾರೋ ಹೊಸಬರನ್ನ ಮಲಗಿಸ್ತಾರೆ, ನೀನು ಗಾಬರಿ ಆಗ್ತೀಯ. ನಾನಾದ್ರೆ ಮೇಡಂಗೆ ಕಾಣದ ಹಾಗೆ ಕಣ್ಣಲ್ಲೇ ಒಂದೆರಡು ಸುಳಿವು ಕೊಡಬಹುದು ಅಂತ...”

ಹುಡುಗಿಯ ಬಾಯಿಂದ ಹೊರಟದ್ದು ಬೈಗುಳ.

“ನಿಮಗೆ ಬುದ್ಧಿ ಇದೆಯಾ ಮಾಮಾ? ಇನ್ನೊಂದು ಗಳಿಗೆ ತಡ ಆಗಿದ್ರೆ ಏನಾಗ್ತಿತ್ತು ಗೊತ್ತಾ? ಸುಳಿವು ಕೊಡ್ತಾರಂತೆ ಸುಳಿವು! ಯಾರಿಗ್ರೀ ಬೇಕಿತ್ತು ಆ ಮಾರ್ಕ್ಸು?”

ಕಣ್ಣೀರು ಗಲ್ಲಕ್ಕಿಳಿದರೂ ಬೈಗುಳ ನಿಲ್ಲಲಿಲ್ಲ. ಪಕ್ಕದ ಮಂಚದವರು ಎದ್ದು ಕುಳಿತರು. ಮಾಮ ಕಂಬಳಿಯನ್ನು ಮೂಗಿನವರೆಗೆ ಎಳೆದುಕೊಂಡರು.

ಅತ್ತೆ ಎದ್ದು ಸ್ಟೂಲನ್ನು ಅವಳತ್ತ ಸರಿಸಿದರು. “ಕೂತ್ಕೊಂಡು ಬೈಯಮ್ಮ,” ಎಂದರು, “ನಿಂತು ನಿಂತು ಕಾಲು ನೋಯುತ್ತೆ.”