ನನ್ನ ಉಸಿರಿಗೆ ಕೊಟ್ಟ ಸರ್ಟಿಫಿಕೇಟು

ನನ್ನ ಗಂಡ ಮಾದಪ್ಪ ಓಡಿಸುವ ಬಸ್ಸಿನಲ್ಲಿ ದಿನವೂ ನಲವತ್ತೆರಡು ಹೆಂಗಸರು ಕೂರುತ್ತಾರೆ. ಅವರಲ್ಲಿ ನಾನೂ ಒಬ್ಬಳು. ಬೆಳಿಗ್ಗೆ ತಿ. ನರಸೀಪುರದ ಕಡೆಯ ಹಳ್ಳಿಗಳಿಂದ ನಮ್ಮನ್ನು ತುಂಬಿಕೊಂಡು, ತಗಡೂರಿನ ಮೇಲೆ ಸುತ್ತಿ, ನಂಜನಗೂಡಿನ ಗಾರ್ಮೆಂಟ್ಸ್ ಗೇಟಿನಲ್ಲಿ ಇಳಿಸುತ್ತಾರೆ. ಸಂಜೆ ಅದೇ ದಾರಿಯಲ್ಲಿ ವಾಪಸು. ಗಂಡನ ಬಸ್ಸಿನಲ್ಲೇ ಡ್ಯೂಟಿಗೆ ಬರುವ ಮಹಾರಾಣಿ ಅಂತ ನನ್ನನ್ನು ಎಲ್ಲರೂ ಗೇಲಿ ಮಾಡುತ್ತಿದ್ದರು. ಯುಗಾದಿ ಕಳೆದ ವಾರ ಬಸ್ಸು ಗದ್ದೆಗೆ ಇಳಿಯುವವರೆಗೆ ನನಗೂ ಆ ಜಂಬ ಇತ್ತು.

ದೇವರು ದೊಡ್ಡವನು, ಯಾರಿಗೂ ಹೆಚ್ಚೇನೂ ಆಗಲಿಲ್ಲ. ಎದುರಿಗೆ ಎಮ್ಮೆ ಬಂತು ಅಂತ ನಮ್ಮ ಯಜಮಾನರು ಹೇಳಿದರು. ಯಾವ ಎಮ್ಮೆಯೂ ಬಂದಿರಲಿಲ್ಲ. ಬಸ್ಸಿನ ಮಾಲೀಕ ಶಿವಸ್ವಾಮಿ ಕಿವಿಯಲ್ಲಿ ಹೂವಿಟ್ಟುಕೊಂಡ ಮನುಷ್ಯನಲ್ಲ. "ಡಾಕ್ಟ್ರತ್ರ ಲೆಟ್ರು ತಗೊಂಡು ಬಾ ಮಾದಪ್ಪ. ಅಲ್ಲೀಗಂಟ ರಂಗನಾಯ್ಕ ಓಡುಸ್ತಾನೆ" ಅಂದು ಕೀ ಇಸಿದುಕೊಂಡ.

ನಂಜನಗೂಡಿನ ಡಾಕ್ಟರು ಮೈಸೂರಿಗೆ ಕಳಿಸಿದರು. ಅಲ್ಲಿ ಒಂದು ರಾತ್ರಿ ಮೈಗೆಲ್ಲ ವೈರು ಅಂಟಿಸಿ ಮಲಗಿಸಿದರು. ಇವರಿಗೆ ನಿದ್ದೆಯಲ್ಲಿ ಗಂಟೆಗೆ ನಲವತ್ತು ಸಲ ಉಸಿರು ನಿಲ್ಲುತ್ತದಂತೆ. ರಾತ್ರಿಯಿಡೀ ಗೊರಕೆ ಹೊಡೆದರೂ ನಿದ್ದೆ ಮಾತ್ರ ಆಗಿರುವುದಿಲ್ಲ, ಆ ಬಾಕಿಯೆಲ್ಲ ಹಗಲು ಸ್ಟೇರಿಂಗ್ ಮುಂದೆ ಜೋಂಪಾಗಿ ಹತ್ತುತ್ತದೆ. ಇಪ್ಪತ್ತು ವರ್ಷ ಪಕ್ಕದಲ್ಲಿ ಮಲಗಿದ ನನಗೆ ಇದು ಕಾಯಿಲೆ ಅಂತ ಗೊತ್ತಿರಲಿಲ್ಲ. ಗೊರಕೆ ನಿಂತರೆ ಸದ್ಯ ನಿಂತಿತಲ್ಲ ಅಂತ ಸಮಾಧಾನ ಪಡುತ್ತಿದ್ದೆ, ಪಾಪಿ.

ಮೆಷಿನ್ನು ಬಂತು. ಒಂದು ಪೆಟ್ಟಿಗೆ, ಒಂದು ಪೈಪು, ಮೂಗಿಗೆ ಕಟ್ಟುವ ಒಂದು ಮುಸುಕು. ಗಂಟಲು ಮುಚ್ಚಿಕೊಳ್ಳದ ಹಾಗೆ ಒಳಗೆ ಗಾಳಿ ಒತ್ತುತ್ತದೆ. ನಂಜನಗೂಡಿನ ಕ್ಲಿನಿಕ್ಕಿನಲ್ಲಿ ಮೆಷಿನ್ನು ನೋಡಿಕೊಳ್ಳುವ ಮಧುಶ್ರೀ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದು ಒತ್ತಡ ಹೊಂದಿಸಿದಳು. ಹತ್ತರಿಂದ ಶುರುವಾಗಿ, ಉಸಿರು ಕಟ್ಟಿದಂತೆಲ್ಲ ಅದೇ ಹದಿನಾರರವರೆಗೂ ಏರುತ್ತದೆ ಅಂದಳು. ಮೂವತ್ತು ರಾತ್ರಿ ಹಾಕಿಕೊಳ್ಳಬೇಕು. ಒಳಗಿರುವ ಕಾರ್ಡು ಎಲ್ಲ ಬರೆದುಕೊಳ್ಳುತ್ತದೆ, ಅದನ್ನು ನೋಡಿ ಡಾಕ್ಟರು ಲೆಟರ್ ಕೊಡುತ್ತಾರೆ.

ಮೊದಲ ರಾತ್ರಿ ಕಾಲು ಗಂಟೆಗೇ ಕಿತ್ತೆಸೆದರು. "ಓಡೋ ಬಸ್ನಲ್ಲಿ ಕಿಟ್ಕಿಯಿಂದ ತಲೆ ಆಚಿಗಾಕ್ದಂಗಾಯ್ತದೆ ಕಣಮ್ಮಿ. ಉಸ್ರು ಬುಡಕ್ಕೇ ಆಗಕಿಲ್ಲ" ಅಂದರು. ಎರಡನೆಯ ರಾತ್ರಿಯೂ ಅಷ್ಟೇ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ, ನಾಲ್ಕು ದಿನ ಕಳೆದರೆ ಒಗ್ಗುತ್ತದೆ ಅಂದುಕೊಂಡೆ. ಒಗ್ಗಲಿಲ್ಲ. ಮೆಷಿನ್ನಿನ ಕಡೆ ಬೆನ್ನು ಮಾಡಿ ಜಗಲಿಗೆ ಹೋಗಿ ಮಲಗತೊಡಗಿದರು. ಹಗಲೂ ಅದೇ ಜಗಲಿ. ಸ್ನಾನವಿಲ್ಲ, ಮುಖಕ್ಷೌರವಿಲ್ಲ. ಬೆಳಿಗ್ಗೆ ರಂಗನಾಯಕ ಹಾರ್ನ್ ಹೊಡೆದಾಗ ಮಾತ್ರ ಎದ್ದು ಒಳಗೆ ಹೋಗುತ್ತಿದ್ದರು. ನಲವತ್ತೆಂಟು ವರ್ಷದ ಮನುಷ್ಯನಿಗೆ ಬಸ್ಸು ಬಿಟ್ಟರೆ ಬೇರೆ ಏನೂ ಬರುವುದಿಲ್ಲ.

ಎಂಟನೆಯ ರಾತ್ರಿ ಆ ಮುಸುಕನ್ನು ನಾನೇ ಕಟ್ಟಿಕೊಂಡೆ. ಇವರು ಬೇಡ ಅನ್ನಲಿಲ್ಲ. ಆಟೋದ ಮೀಟರಿನ ಹಾಗೆ ಅದು ಬರೀ ಗಂಟೆ ಎಣಿಸುತ್ತದೆ ಅಂತ ಇಬ್ಬರೂ ತಿಳಿದಿದ್ದೆವು. ಯಾರ ಮೂಗಾದರೇನು? ಗಾಳಿ ನುಂಗಿ ನುಂಗಿ ಹೊಟ್ಟೆ ಉಬ್ಬರಿಸುತ್ತಿತ್ತು, ಬೆಳಿಗ್ಗೆ ಫ್ಯಾಕ್ಟರಿಯಲ್ಲಿ ತೇಗೋ ತೇಗು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಒಂದು ತಿಂಗಳು ತುಂಬಿಸಿದೆ.

ಮಧುಶ್ರೀ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದಳು. ಡಾಕ್ಟರ ಮುಖ ಅರಳಿತು. "ನೋಡಿ ಮಾದಪ್ಪ, ಗಂಟೆಗೆ ನಲವತ್ತು ಸಲ ಇದ್ದದ್ದು ಈಗ ಒಂದೇ ಸಲ. ಪ್ರೆಷರ್ ಕೂಡ ಹತ್ತರ ಮೇಲೆ ಏರೇ ಇಲ್ಲ. ಏನಾದ್ರೂ ತೊಂದ್ರೆ ಇದೆಯಾ?"

"ಗಾಳಿ ವಸಿ ಜಾಸ್ತಿ ಆಯ್ತದೆ ಸಾ."

"ಹಾಗಾದ್ರೆ ಇಷ್ಟು ನಿಮಗೆ ಬೇಕಿಲ್ಲ. ಏಳಕ್ಕೆ ಇಳಿಸಿ ಅಲ್ಲೇ ಲಾಕ್ ಮಾಡಿಬಿಡೋಣ, ತಾನಾಗಿ ಏರೋದು ಬೇಡ."

ನನಗೆ ಆಗ ಹೊಳೆಯಿತು. ಆ ಕಾರ್ಡು ಗಂಟೆಯನ್ನಷ್ಟೇ ಎಣಿಸಿರಲಿಲ್ಲ, ಉಸಿರನ್ನು ಅಳೆದಿತ್ತು. ಡಾಕ್ಟರು ಹೊಗಳುತ್ತಿದ್ದದ್ದು ನನ್ನ ಗಂಟಲನ್ನು. ಏಳು ಅನ್ನುವುದು ನನಗೆ ಸರಿಹೋಗುವ ಗಾಳಿ. ಬಾಯಿ ಬಿಡಬೇಕಿತ್ತು. ಪಕ್ಕದಲ್ಲಿ ಇವರು ಕ್ಷೌರ ಮಾಡಿಕೊಂಡು, ಇಸ್ತ್ರಿ ಮಾಡಿದ ಖಾಕಿ ಶರಟು ಹಾಕಿಕೊಂಡು, ಮೊದಲ ದಿನ ಸ್ಕೂಲಿಗೆ ಬಂದ ಮಗುವಿನಂತೆ ಕೂತಿದ್ದರು. ನಾನು ಬಾಯಿ ಬಿಡಲಿಲ್ಲ. ಡಾಕ್ಟರು ಲೆಟರಿಗೆ ಸೀಲು ಹೊಡೆದರು. ಅದನ್ನು ನೋಡಿ ಶಿವಸ್ವಾಮಿ ಬಸ್ಸಿನ ಕೀ ವಾಪಸು ಕೊಟ್ಟ.

ಏಳಕ್ಕೆ ಇಳಿದ ಮೇಲೆ ಇವರು ಮುಸುಕು ಹಾಕಿಕೊಂಡು ಸೊಗಸಾಗಿ ಮಲಗತೊಡಗಿದರು. "ಈಗ ಸರ್ಯಾಗದೆ ನೋಡು" ಅಂದರು. ನಾನು ಪಕ್ಕದಲ್ಲಿ ಕೂತು ಎಣಿಸಿದೆ. ಮೆಷಿನ್ನು ಸುಯ್ಯನೆ ಊದುತ್ತಲೇ ಇತ್ತು, ಒಳಗೆ ಉಸಿರು ನಿಲ್ಲುತ್ತಲೇ ಇತ್ತು. ಅರ್ಧ ಗಂಟೆಯಲ್ಲಿ ಹದಿನೆಂಟು ಸಲ.

ಬೆಳಿಗ್ಗೆ ಹೇಳಿದೆ. "ಕಾರ್ಡ್ನಲ್ಲಿರೋದು ನನ್ ಉಸ್ರು ಕಣ್ರೀ. ನಿಮ್ಗೆ ಈ ಗಾಳಿ ಸಾಲ್ದು."

"ಕಾಗ್ದ ಬಂದದಲ್ಲ, ಬುಡು ಅತ್ಲಾಗೆ. ಡಾಕ್ಟ್ರಿಗಿಂತ ನಿಂಗೆ ಜಾಸ್ತಿ ಗೊತ್ತಾ?"

ಮಧುಶ್ರೀ ಒತ್ತಿದ ಎರಡು ಗುಂಡಿ ನನಗೆ ನೆನಪಿತ್ತು. ಇವರು ಮಲಗಿದ ಮೇಲೆ ಏಳೂವರೆ ಮಾಡಿದೆ. ಮೂರು ದಿನ ಬಿಟ್ಟು ಎಂಟು. ಎಂಟೂವರೆ. ಅವರಿಗೆ ತಿಳಿಯಲಿಲ್ಲ, ಉಸಿರು ನಿಲ್ಲುವುದು ಸ್ವಲ್ಪ ಕಡಿಮೆಯಾದಂತೆ ಅನ್ನಿಸಿತು. ಒಂಬತ್ತು. ನನಗೆ ಎಷ್ಟೋ ದಿನದ ಮೇಲೆ ಆಸೆ ಹುಟ್ಟಿತು. ಒಂಬತ್ತೂವರೆ ಮಾಡಿದ ರಾತ್ರಿ ನಿದ್ದೆಗಣ್ಣಿನಲ್ಲೇ ಮುಸುಕು ಕಿತ್ತು ಗೋಡೆಗೆ ಎಸೆದರು. ಮತ್ತೆ ಏಳರಿಂದ ಶುರುಮಾಡಿದೆ. ಮತ್ತೆ ಒಂಬತ್ತೂವರೆಗೇ ಕಿತ್ತರು. ನಾಲ್ಕು ಸಲ ಹೀಗೇ ಆಯಿತು. ಅವರಿಗೆ ಬೇಕಾದ ಗಾಳಿಯಲ್ಲಿ ಅವರು ಮಲಗುವುದಿಲ್ಲ, ಮಲಗುವ ಗಾಳಿಯಿಂದ ಅವರಿಗೆ ಪ್ರಯೋಜನವಿಲ್ಲ. ಅತ್ತ ದರಿ, ಇತ್ತ ಪುಲಿ.

ಒಂದು ದಿನ ಊಟದ ಬಿಡುವಿನಲ್ಲಿ ಆಟೋ ಹತ್ತಿ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಇರಲಿಲ್ಲ. ಯಾರೋ ಕೇಳಿದರು ಅನ್ನುವ ಹಾಗೆ ಮಧುಶ್ರೀಯನ್ನು ಕೇಳಿದೆ. "ಒಬ್ರ ಮೆಷಿನ್ನ ಇನ್ನೊಬ್ರು ಹಾಕ್ಕೊಂಡಿದ್ರೆ ಏನಾಯ್ತದೆ ಮೇಡಂ?"

"ಅಯ್ಯೋ, ಅದು ಮೋಸ ಅಲ್ವಾ? ಲೆಟರ್ ಕ್ಯಾನ್ಸಲ್ ಆಗುತ್ತೆ. ಮೊದಲಿಂದ ಮೈಸೂರಲ್ಲಿ ಟೆಸ್ಟ್ ಮಾಡಿಸ್ಬೇಕು. ಅಲ್ಲೀವರೆಗೂ ಗಾಡಿ ಮುಟ್ಟೋ ಹಾಗಿಲ್ಲ, ಓನರ್‌ಗೂ ತಿಳಿಸ್ತೀವಿ." ಅವಳು ನನ್ನ ಮುಖ ನೋಡಿದಳು. "ಯಾಕೆ ಕೇಳಿದ್ರಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಸೆರಗು ಸರಿಮಾಡಿಕೊಂಡು, ಸುಮ್ಮನೆ ಕೇಳಿದೆ ಅಂದು ಬಂದುಬಿಟ್ಟೆ. ನನಗೆ ಕಣ್ಣ ಮುಂದೆ ಬಂದದ್ದು ಇವರು ಬಿದ್ದುಕೊಂಡಿದ್ದ ಆ ಜಗಲಿ. ಬಸ್ಸಿನ ನಲವತ್ತೆರಡು ಹೆಂಗಸರ ಮುಖ ಕಣ್ಣ ಮುಂದೆ ಬರಬೇಕಿತ್ತು, ಬರಲಿಲ್ಲ. ಇದನ್ನು ಹೇಳಲು ನನಗೇ ಹೇಸಿಗೆ ಆಗುತ್ತದೆ.

ಆವತ್ತಿನಿಂದ ಡ್ರೈವರ್ ಸೀಟಿನ ಹಿಂದಿನ ಸೀಟು ನನ್ನದು. ದಾರಿಯುದ್ದಕ್ಕೂ ಮಾತು. ಮಾತು ಮುಗಿದರೆ ಪ್ರಶ್ನೆ, ಪ್ರಶ್ನೆ ಮುಗಿದರೆ ಜಗಳ. ಕನ್ನಡಿಯಲ್ಲಿ ಅವರ ರೆಪ್ಪೆ ಇಳಿದರೆ ಹಿಂದಿನಿಂದ ಹೆಗಲು ಚಿವುಟುತ್ತಿದ್ದೆ. ವಯಸ್ಸಾದ ಮೇಲೆ ಇವರಿಗೇನು ಪ್ರೀತಿ ಉಕ್ಕಿತು ಅಂತ ಹಿಂದೆ ಎಲ್ಲರೂ ಕಿಸಕ್ಕನೆ ನಗುತ್ತಿದ್ದರು. ರಾತ್ರಿ ಉಸಿರು ಎಣಿಸುವುದು, ಹಗಲು ರೆಪ್ಪೆ ಕಾಯುವುದು. ಫ್ಯಾಕ್ಟರಿಯಲ್ಲಿ ನನ್ನದು ಚೆಕಿಂಗು. ಹೊಲಿಗೆ ತಪ್ಪಿದ ಕಡೆ ಬಾಣದ ಸ್ಟಿಕ್ಕರ್ ಅಂಟಿಸಬೇಕು. ಆ ತಿಂಗಳು ಎಷ್ಟೋ ತಪ್ಪುಗಳು ನನ್ನ ಕಣ್ಣೆದುರಿಗೇ ಹಾದುಹೋದವು. ಸೂಪರ್‌ವೈಸರ್ ಎರಡು ಸಲ ಬೈದ.

ಮೊನ್ನೆ ಶನಿವಾರ ಸಂಜೆ, ಓಟಿ ಮುಗಿಸಿ ಹೊರಟಾಗ ಏಳು ಗಂಟೆ. ಬಸ್ಸು ನಂಜನಗೂಡು ದಾಟುವಷ್ಟರಲ್ಲಿ ಹಿಂದೆ ಎಲ್ಲರೂ ಒಬ್ಬರ ಹೆಗಲ ಮೇಲೆ ಒಬ್ಬರು ವಾಲಿ ಮಲಗಿದ್ದರು. ನಾನು ನಾಳೆ ಏನು ಸಾರು ಮಾಡಲಿ ಅಂತ ಇವರನ್ನು ಕೇಳಿದ್ದು ನೆನಪಿದೆ. ಉಪ್ಪೆಸ್ರು ಅಂದದ್ದೂ ನೆನಪಿದೆ.

ಕಣ್ಣು ಬಿಟ್ಟಾಗ ಬಸ್ಸು ನಿಂತಿತ್ತು. ಹೊರಗೆ ನಮ್ಮೂರಿನ ಬೀದಿ ದೀಪ. ಮಧ್ಯದ ಹಳ್ಳಿಗಳಲ್ಲಿ ಇಳಿಯಬೇಕಾದವರೆಲ್ಲ ಸೀಟಿನಲ್ಲೇ ಇದ್ದರು, ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು. ಬಸ್ಸು ಎಲ್ಲಿಯೂ ನಿಂತೇ ಇರಲಿಲ್ಲ. ಇವರು ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಹಾಗೇ ಕೂತಿದ್ದರು.

"ಕೋಮಲಾ, ತಗ್ಡೂರು ದಾಟಿದ್ದ ನೀನು ನೋಡ್ದಾ?"

"ಇಲ್ಲ."

"ನಾನೂ ನೋಡ್ನಿಲ್ಲ ಕಣಮ್ಮಿ." ಅವರು ಎಂಜಿನ್ ಆಫ್ ಮಾಡಿದರು. "ಸೋಮ್ವಾರ ಶಿವಸ್ವಾಮಿಗೆ ಏನಂತ ಏಳದು?"

ನಾನು ಉತ್ತರ ಕೊಡುವಷ್ಟರಲ್ಲಿ ಪಕ್ಕದ ಮನೆಯ ಜವರಮ್ಮ ಆಕಳಿಸುತ್ತ ಎದ್ದು ಬಂದಳು. ನನ್ನ ಹೆಗಲ ಮೇಲೆ ಕೈ ಇಟ್ಟಳು.

"ಏನ್ ನಿದ್ದೆ ಬಂತವ್ವ ಇವತ್ತು! ನೀನು ಮುಂದ್ಗಡೆ ಎಚ್ಚರ್ವಾಗಿ ಕುಂತಿರ್ತೀಯಲ್ಲ, ನಮ್ಗೆ ಅದೇ ಧೈರ್ಯ."

ಇವರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದರು.

"ಹೂಂ ಕಣವ್ವ" ಅಂದೆ. "ಸೋಮ್ವಾರ ಆರು ಗಂಟ್ಗೆ ರೆಡಿಯಾಗಿರು."