ಪೇಸ್ಟಿನ ಡಬ್ಬಿಯ ಜಿಂಕೆ

ಗುಡೂರಿನ ನೇಕಾರ ಶಂಕ್ರಪ್ಪನ ಹತ್ತಿರ ಒಂದು ಹಳೆಯ ಬಿಸ್ಕೀಟು ಡಬ್ಬಿಯಿತ್ತು. ಅದರ ತುಂಬ ಹುಣಸೆಬೀಜದಷ್ಟು ಸಣ್ಣ ಪ್ಲಾಸ್ಟಿಕ್ ಪ್ರಾಣಿಗಳು. ಅವನು ಸಣ್ಣವನಿದ್ದಾಗ ಊರೆಲ್ಲ ಇದ್ದಿಲಿನಿಂದ ಹಲ್ಲು ತಿಕ್ಕುತ್ತಿತ್ತು. ಬಾಗಲಕೋಟೆಯ ಸೋದರಮಾವ ಮಾತ್ರ ಪೇಸ್ಟು ಕೊಳ್ಳುತ್ತಿದ್ದ; ಪೇಸ್ಟಿನ ಡಬ್ಬಿಯೊಳಗೆ ಪುಕ್ಕಟೆ ಬಂದ ಆನೆ, ಒಂಟೆಗಳನ್ನು ಅಳಿಯನಿಗೆಂದು ಎತ್ತಿಡುತ್ತಿದ್ದ. ಈಗ ಎಂಬತ್ತಾರನೆಯ ಇಸವಿಯಲ್ಲಿ ಶಂಕ್ರಪ್ಪನೂ ಪೇಸ್ಟು ತರುತ್ತಿದ್ದ. ಪ್ರಾಣಿ ಕೊಡುವುದು ಎಂದೋ ನಿಂತಿತ್ತು; ಒಳಗೆ ಏನೂ ಇರುವುದಿಲ್ಲವೆಂದು ಗೊತ್ತಿದ್ದೂ ಡಬ್ಬಿಗೆ ಬೆರಳು ಹಾಕಿ ನೋಡುತ್ತಿದ್ದ. ಮಗ್ಗದಿಂದ ಎದ್ದು ಬಂದು, ಎರಡು ವರ್ಷದ ಮಗಳು ಶಾರವ್ವನ ಮುಂದೆ ಪ್ರಾಣಿಗಳ ಸಾಲು ಹಚ್ಚುವುದೆಂದರೆ ಅವನಿಗೆ ಹಿಗ್ಗು.

ಒಂದು ಮುಂಜಾನೆ ಮಗು ಒಮ್ಮೆಲೇ ಕೆಮ್ಮತೊಡಗಿತು. ಕಣ್ಣು ಮೇಲಾದವು. ಉಸಿರು ಸಿಳ್ಳು ಹೊಡೆದಂತೆ ಬರುತ್ತಿತ್ತು.

ಹೆಂಡತಿ ಗುರುಲಿಂಗವ್ವ ಡಬ್ಬಿ ಸುರುವಿ ನೋಡಿದಳು. "ಜಿಂಕಿ ಇಲ್ಲರಿ! ನುಂಗ್ಯಾಳ! ಎಷ್ಟ್ ಸಲ ಹೇಳಿದ್ದೆ ನಿಮಗ!"

ಬಸ್ಸು ಹೋಗಿಯಾಗಿತ್ತು. ನೆರೆಮನೆಯ ಅಕ್ಬರಸಾಬ ಮೋಟರ್‌ಸೈಕಲ್ ತೆಗೆದ. "ಹತ್ತೋ ಶಂಕ್ರಪ್ಪ, ಇಳಕಲ್ಲಿಗೆ ಹೋಗೂಣು." ದಾರಿಯುದ್ದಕ್ಕೂ ಶಂಕ್ರಪ್ಪ ಮಗಳ ಬಾಯಿಗೆ ಕಿವಿ ಹಚ್ಚಿ ಕೂತಿದ್ದ. ಗಾಳಿಯ ಸದ್ದಿನಲ್ಲಿ ಸಿಳ್ಳು ಕೇಳಿಸದಾದಾಗ "ನಿಲ್ಲಸೋ" ಅನ್ನುವನು, ಕೇಳಿಸಿದೊಡನೆ "ನಡಿ, ಲಗೂ ನಡಿ" ಅನ್ನುವನು.

ದವಾಖಾನೆಯ ಡಾಕ್ಟರು ಮಗುವಿನ ಎದೆಗೆ ಸ್ಟೆತಸ್ಕೋಪು ಇಟ್ಟರು. "ಪ್ಲಾಸ್ಟಿಕ್ ಆದ್ರ ಎಕ್ಸ್‌ರೇದಾಗ ಕಾಣೂದಿಲ್ಲ. ಹುಬ್ಬಳ್ಳಿಗೆ ಒಯ್ಯಬೇಕಾದೀತು." ಅವರು ಅಷ್ಟಕ್ಕೇ ಬಿಡದೆ, ಮಗುವನ್ನು ತೊಡೆಯ ಮೇಲೆ ತಲೆಕೆಳಗಾಗಿ ಮಲಗಿಸಿ ಬೆನ್ನಿಗೆ ಗುದ್ದಿದರು. ಮತ್ತೆ ಗುದ್ದಿದರು. ಏನೋ ನೆಲಕ್ಕೆ ಬಿತ್ತು. ಶಾರವ್ವ ಕಿಟಾರನೆ ಕಿರುಚಿ ಅತ್ತಳು.

ಬಿದ್ದದ್ದು ಅರ್ಧ ಶೇಂಗಾಕಾಳು.

ಮನೆಗೆ ಬಂದರೆ ಹೊಸ್ತಿಲಲ್ಲೇ ಸುಟ್ಟ ಪ್ಲಾಸ್ಟಿಕ್ಕಿನ ಕಮಟು. ಗುರುಲಿಂಗವ್ವ ಓಡಿಬಂದು ಕೂಸನ್ನು ಕಸಿದುಕೊಂಡಳು. "ಎಲ್ಲಾ ಒಲಿಗೆ ಹಾಕಿದೆ. ಒಂದೂ ಬಿಡಲಿಲ್ಲ."

"ಜಿಂಕಿ ಅಲ್ಲ ಅದು. ಶೇಂಗಾ ಇತ್ತು."

ಅವಳು ಅಲ್ಲೇ ಕುಸಿದಳು. "ಚಟ್ನಿಗಂತ ನಾನಽ ಹುರದಿಟ್ಟಿದ್ದೆ..."

ಶಂಕ್ರಪ್ಪ ಒಲೆಯ ಕಡೆ ನೋಡಿದ. ಬೂದಿಯಲ್ಲಿ ಬಣ್ಣಬಣ್ಣದ ಮುದ್ದೆಯೊಂದು ಕರಗಿ ಹತ್ತಿಕೊಂಡಿತ್ತು. ಜಿಂಕೆ ಮಾತ್ರ ಎಲ್ಲಿ ಹೋಯಿತೋ, ತಿಳಿಯಲೇ ಇಲ್ಲ. "ಇರ್ಲಿ ಬಿಡು" ಎಂದಷ್ಟೇ ಹೇಳಿ, ಅವಳ ಪಕ್ಕದಲ್ಲಿ ಕೂತ.

ಆಮೇಲೆ ಎಷ್ಟೋ ದಿನ, ಕೂಸು ಸುಮ್ಮನೆ ಸೀನಿದರೂ ಉಣ್ಣುತ್ತಿದ್ದವರು ಇಬ್ಬರೂ ತಾಟು ಬಿಟ್ಟು ಎದ್ದು ನಿಲ್ಲುತ್ತಿದ್ದರು.