ಎರಡಡಿ ಹಿಂದಕ್ಕೆ

ಗೇರ್ ಹುಡುಕಿದ ಬಲಗೈ ಮತ್ತೆ ಬಾಗಿಲಿಗೆ ಬಡಿಯಿತು.

"ಬಾಗಿಲು ಯಾಕೋ ತೆಗೀತೀಯ? ಮನೆ ಇನ್ನೂ ಬಂದಿಲ್ಲ," ಎಂದಳು ಹಿಂದಿನ ಸೀಟಿನಿಂದ ಸೋದರತ್ತೆ ಉಚ್ಚಂಗಮ್ಮ.

ಯೋಗರಾಜ್ ಎಡಗೈಯಿಂದ ಗೇರ್ ಬದಲಿಸಿದ. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ ಮಸ್ಕತ್‌ಗೆ ಹೋದವನು ಡ್ರೈವಿಂಗ್ ಕಲಿತದ್ದು ಅಲ್ಲಿಯೇ. ಅಲ್ಲಿ ಗೇರ್ ಬಲಕ್ಕೆ, ಗಾಡಿ ಓಡುವುದೂ ರಸ್ತೆಯ ಬಲಕ್ಕೆ. ರಜೆಗೆ ಬಂದವನ ಕೈಗೆ ಪಕ್ಕದ ಮನೆ ಕರಿಯಣ್ಣನ ಸುಮೋ ಕೊಡಿಸಿ, "ನನ್ನ ಮಗನೇ ಓಡಿಸ್ತಾನೆ" ಎಂದು ಭದ್ರಾವತಿಯ ಜನ್ನಾಪುರಕ್ಕೆಲ್ಲ ಹೇಳಿದವನು ಅಪ್ಪ ಭೂತಪ್ಪ. ಇಂದು ತಂಗಿ ಮೈತ್ರಿಯ ಎಲೆಅಡಿಕೆ ಶಾಸ್ತ್ರ, ಮದುವೆ ಮಾತು ಗಟ್ಟಿಯಾಗುವ ದಿನ. ರಾಹುಕಾಲಕ್ಕೆ ಮೊದಲು ಆಲ್ಕೊಳದ ಗಂಡಿನ ಮನೆಯಲ್ಲಿ ತಟ್ಟೆ ಬದಲಾಗಬೇಕು. ಇಷ್ಟು ವರ್ಷಗಳಲ್ಲಿ ಮನೆ ಅವನಿಗೆ ಒಪ್ಪಿಸಿದ ಕೆಲಸ ಇದೊಂದೇ.

ಭದ್ರಾವತಿಯಿಂದ ಇಲ್ಲಿಯವರೆಗೆ ಹಂಪುಗಳಿಗೆ ಬಣ್ಣವಿರಲಿಲ್ಲ, ತಿರುವುಗಳಿಗೆ ಬೋರ್ಡಿರಲಿಲ್ಲ. ಎದುರಿಗೆ ಬಸ್ಸು ಬಂದಾಗ ಅವನು ಬಲಕ್ಕೆ ಸರಿಯಹೋಗಿದ್ದ. ಅಪ್ಪ ಮೆಲ್ಲಗೆ ಸ್ಟಿಯರಿಂಗ್ ಹಿಡಿದು ಎಡಕ್ಕೆ ತಂದಿದ್ದ.

"ನಮ್ದು ಎಡ, ಮಾರಾಯ."

ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಗಂಡಿನ ಮನೆಯ ಓಣಿ ಸರ್ಕಲ್ಲಿಗೇ ತೆರೆದುಕೊಂಡಿತ್ತು. ರಸ್ತೆ ಅಗಲ ಮಾಡಿದವರು ಲೈಟುಕಂಬವನ್ನು ಇದ್ದಲ್ಲೇ ಬಿಟ್ಟಿದ್ದರು. ಅದೀಗ ಓಣಿಯ ಬಾಯಲ್ಲಿ ನಿಂತಿತ್ತು. ಸುಮೋ ಒಂದೇ ಸಲಕ್ಕೆ ತಿರುಗಲಿಲ್ಲ. ಅವನು ರಿವರ್ಸ್ ಹಾಕಹೋದ.

ಅತ್ತೆಯ ಕೈ ಭುಜದ ಮೇಲೆ ಬಿತ್ತು. "ಬ್ಯಾಡ. ಎಲೆಅಡಿಕೆ ಹಿಡ್ಕೊಂಡು ಹೊರಟ ಗಾಡಿ ಹಿಂದಕ್ಕೆ ಹೋಗಬಾರದು."

"ಎರಡೇ ಅಡಿ, ಅತ್ತೆ."

"ಎರಡಡಿ ಹಿಂದಕ್ಕೇ ತಾನೆ?"

"ಹಾಗಾದ್ರೆ ಇಳಿದು ನಡೆಯೋಣ."

"ಗಾಡೀಲಿ ಬಂದು ನಡ್ಕೊಂಡು ಹೋಗೋದಾ?" ಎಂದ ಅಪ್ಪ. "ಇನ್ನೊಂದು ಸುತ್ತು ಹಾಕು. ಅಗಲ ತಗೋ."

ಅವನು ಗಾಡಿಯ ಮೂತಿಯನ್ನು ಕಂಬದಿಂದ ಆಚೆ ತಿರುಗಿಸಿಕೊಂಡು ಸರ್ಕಲ್ಲಿಗೆ ಇನ್ನೊಂದು ಸುತ್ತು ಹಾಕಿದ. ಮತ್ತೆ ಕಂಬ.

"ಸಾರಿ," ಎಂದ.

"ಯಾರಿಗೋ ಸಾರಿ? ನಾನೇನು ನಿಮ್ಮ ಆಫೀಸ್ ಸಾಹೇಬನಾ?" ಅತ್ತೆ ಹಿಂದಿನಿಂದಲೇ ಅವನ ಬಾಯಿಗೆ ಒಂದು ಚೂರು ಕೊಬ್ಬರಿ ತುರುಕಿದಳು. ಅಪ್ಪ ನಕ್ಕ.

ರಿವರ್ಸ್ ಹಾಕಿದರೆ ಏನೂ ಆಗುವುದಿಲ್ಲವೆಂದು ಅವನಿಗೆ ಗೊತ್ತು. ಆದರೆ ಮುಂದೆ ಎಂದಾದರೂ ಮೈತ್ರಿ ಅತ್ತುಕೊಂಡು ತವರಿಗೆ ಬಂದರೆ, ಯಾರೂ ಏನೂ ಅನ್ನದಿದ್ದರೂ ಈ ಎರಡಡಿಯ ತಪ್ಪು ಅವನದೇ ಆಗುತ್ತದೆ.

ಮಸ್ಕತ್‌ನ ರಸ್ತೆಯಲ್ಲಿ ಒಂದು ತಿರುವು ತಪ್ಪಿದರೆ ಎಷ್ಟೋ ದೂರ ಹೋಗಿ ತಿರುಗಿ ಬರಬೇಕು. ಹಾಗೆ ದಾರಿ ತಪ್ಪಿದಾಗಲೆಲ್ಲ ಅವನು ಖಾಲಿ ಕಾರಿನಲ್ಲಿ ಅಪ್ಪನೂ ಅತ್ತೆಯೂ ಪಕ್ಕದಲ್ಲಿದ್ದಂತೆ ಗಟ್ಟಿಯಾಗಿ ಮಾತಾಡುತ್ತಿದ್ದ. ಈಗ ಇಬ್ಬರೂ ಕೈಗೆ ಸಿಗುವಷ್ಟು ಹತ್ತಿರವಿದ್ದರು. ಏನು ಮಾತಾಡುತ್ತಿದ್ದೆನೆಂದು ನೆನಪಾಗಲಿಲ್ಲ.

"ರಾಹುಕಾಲ ಹತ್ರ ಬಂತು," ಎಂದಳು ಅತ್ತೆ, ಕೆಳದನಿಯಲ್ಲಿ.

ಮೂರನೆಯ ಸುತ್ತು. ಕಂಬದಾಚೆ, ಓಣಿಯ ಕೊನೆಯಲ್ಲಿ, ಗಂಡಿನ ಕಡೆಯವರು ಗೇಟಿನ ಹೊರಗೆ ಬಂದು ಕೈಬೀಸುತ್ತಿದ್ದರು. ಬರುವವರಿಗೂ ಹೋಗುವವರಿಗೂ ಕೈಬೀಸುವುದು ಒಂದೇ ಥರ.

ಅಪ್ಪ ಗಾಜು ಇಳಿಸಿ ತಾನೂ ಕೈಬೀಸಿದ. ಸುಮೋ ಈ ಸಲವೂ ಒಳಗೆ ತಿರುಗದೆ ಓಣಿಯ ಬಾಯನ್ನು ದಾಟಿ ಮುಂದೆ ಹೋಯಿತು. ಯೋಗರಾಜನ ಬಲಗೈ ಬಾಗಿಲಿನ ಮೇಲೆ ಗೇರ್ ಹುಡುಕುತ್ತಲೇ ಇತ್ತು.